ಗಿಯೋನ್‌ನಲ್ಲಿ ಬೀದಿ ಕಾಯಬೇಡಿ, ಟಿಕೆಟ್ ತೆಗೆದುಕೊಳ್ಳಿ

ಜಪಾನಿನ ಕ್ಯೋಟೋದಲ್ಲಿ ಹಾಡು ಕುಣಿತದ ಕಲಾವಿದೆಯರಾದ ಗೇಶಾಗಳ ಕೇರಿ ಗಿಯೋನ್‌ಗೆ ಹೋಗುವ ಆಸೆ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಸಂಜೆ ಹೊತ್ತು ಹನಾಮಿಕೋಜಿ ಬೀದಿಯಲ್ಲಿ ಮೊಬೈಲ್ ಹಿಡಿದು, ಗೇಶಾ ಯಾವಾಗ ಬರುತ್ತಾಳೆ ಅಂತ ಕಾಯುವುದಾದರೆ ಆ ಬೀದಿಗೆ ನನ್ನ ಲೆಕ್ಕದಲ್ಲಿ ಐದಕ್ಕೆ ಎರಡು. ಏಪ್ರಿಲ್‌ನಲ್ಲಿ ಹೋಗಿ, ಮಿಯಾಕೋ ಓಡೋರಿ ಎಂಬ ಅವರ ಕುಣಿತದ ಆಟಕ್ಕೆ ಟಿಕೆಟ್ ತೆಗೆದು ಒಳಗೆ ಕೂತರೆ ಐದಕ್ಕೆ ಐದು. ಎರಡಕ್ಕೂ ನಡುವೆ ಇರುವುದು ನಾಲ್ಕು ಹೆಜ್ಜೆ. ಆದರೂ ನೂರಾರು ಜನ ಬೀದಿಯಲ್ಲೇ ನಿಂತಿರುತ್ತಾರೆ.

ಇದನ್ನೆಲ್ಲ ಹೇಳಲು ಇವಳು ಯಾರು ಅಂತ ಕೇಳಿದರೆ, ಕಾಸರಗೋಡಿನ ಉಪ್ಪಳದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಉಂಟು. ಜೊತೆಗೆ ವೇಷಭೂಷಣ ಬಾಡಿಗೆಗೆ ಕೊಡುತ್ತೇನೆ. ಶಾಲಾ ಕಲೋತ್ಸವ ಹತ್ತಿರ ಬಂದರೆ ನಮಗೆ ನಿದ್ದೆಯಿಲ್ಲ. ಒಪ್ಪನ, ತಿರುವಾದಿರ, ಭರತನಾಟ್ಯ, ಯಕ್ಷಗಾನ, ಎಲ್ಲದಕ್ಕೂ ಬಟ್ಟೆ ಹೋಗಬೇಕು. 2019ರಲ್ಲಿ ಕೇರಳ ರಾಜ್ಯ ಕಲೋತ್ಸವ ಕಾಞಂಗಾಡಿನಲ್ಲಿ ನಡೆದಾಗ ಅಂಗಡಿಯಲ್ಲಿ ಒಂದು ಸೇಫ್ಟಿ ಪಿನ್ ಕೂಡ ಉಳಿದಿರಲಿಲ್ಲ. ಹಾಗಾಗಿ ಎಲ್ಲಿಗೆ ಹೋದರೂ ನನ್ನ ಕಣ್ಣು ಮೊದಲು ಬಟ್ಟೆಯ ಮೇಲೆ. ಮಗಳು, ಅಳಿಯ ಒಸಾಕಾದಲ್ಲಿದ್ದಾರೆ. ಬನ್ನಿ ಅಂತ ಕರೆದರು. ನಾನೊಬ್ಬಳೇ ಯಾಕೆ ಅಂತ ಬದಿಯಡ್ಕದ ಅತ್ತಿಗೆಯನ್ನೂ ಹೊರಡಿಸಿದೆ.

ಒಸಾಕಾದಿಂದ ಕೇಹಾನ್ ರೈಲು ಹಿಡಿದರೆ ಸೀದಾ ಗಿಯೋನ್-ಶಿಜೊ ಸ್ಟೇಷನ್. ಕ್ಯೋಟೋ ಸ್ಟೇಷನ್ನಿನಿಂದ ಸಿಟಿ ಬಸ್ ಕೂಡ ಉಂಟು, ಆದರೆ ಕಾಲಿಡಲು ಜಾಗ ಇರುವುದಿಲ್ಲ. ರೈಲೇ ವಾಸಿ.

ಸ್ಟೇಷನ್ನಿನಿಂದ ಮೇಲೆ ಬಂದರೆ ಮಿನಾಮಿಜಾ ಎಂಬ ಕಬುಕಿ ನಾಟಕಶಾಲೆ. ಅಲ್ಲೇ ಸೇತುವೆಯ ಹತ್ತಿರ ಬೀಸಣಿಗೆ ಹಿಡಿದ ಹೆಂಗಸಿನ ವಿಗ್ರಹ. ಹೆಸರು ಇಜುಮೊ ನೊ ಒಕುನಿ. ಯಾರೂ ನಿಂತು ನೋಡುವುದಿಲ್ಲ. ನಾನು ನಿಂತೆ. 1603ರ ಹೊತ್ತಿಗೆ ಇದೇ ಕಾಮೊ ನದಿಯ ದಡದಲ್ಲಿ ಕುಣಿದು ಕಬುಕಿ ಶುರು ಮಾಡಿದವಳು ಇವಳು. 1629ರಲ್ಲಿ ಸರ್ಕಾರ ಹೆಂಗಸರು ರಂಗ ಹತ್ತಲೇಬಾರದು ಎಂದಿತು. ಅಲ್ಲಿಂದ ಕಬುಕಿಯಲ್ಲಿ ಹೆಣ್ಣು ಪಾತ್ರವೂ ಗಂಡಸರದ್ದೇ ಆಯಿತು. ಗೇಶಾಗಳದ್ದು ತಿರುಗುಮುರುಗು ಕಥೆ. ಮೊದಮೊದಲು ಆ ಕೆಲಸ ಮಾಡಿದವರು ಗಂಡಸರು, ಔತಣದಲ್ಲಿ ಹಾಡಿ, ಕುಣಿದು, ನಗಿಸುವವರು. ಹದಿನೆಂಟನೇ ಶತಮಾನದಲ್ಲಿ ಹೆಂಗಸರು ಬಂದರು, ಗಂಡಸರು ಹಿಂದೆ ಸರಿದರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವಳು ನಾನು. ಮೀಸೆ ಬೋಳಿಸಿಕೊಂಡು ಬಂದ ಗಂಡಸರಿಗೆ ದ್ರೌಪದಿಯ ಸೀರೆ ಉಡಿಸಿದ ಕೈ ಇದು. ಆ ವಿಗ್ರಹದ ಮುಂದೆ ಸುಮ್ನೆ ಸ್ವಲ್ಪ ಹೊತ್ತು ನಿಲ್ಲಬೇಕು ಅನ್ನಿಸಿತು. ಮಗಳು ಮಾತ್ರ, "ಅಮ್ಮಾ, ಗೇಶಾ ಬೀದಿ ಇನ್ನೂ ಮುಂದೆ ಉಂಟು, ಬಾ" ಅಂತ ಎಳೆದಳು.

ಯಸಾಕಾ ಗುಡಿಯ ಕೆಂಪು ಬಾಗಿಲು ದೂರದಿಂದಲೇ ಕಾಣುತ್ತದೆ. ಅದರ ಕಡೆಗೆ ನಡೆಯುವಾಗ ಬಲಕ್ಕೆ ಹನಾಮಿಕೋಜಿ ಸಿಗುತ್ತದೆ. ಮೂಲೆಯಲ್ಲೇ ಕೆಂಪು ಗೋಡೆಯ ದೊಡ್ಡ ಮನೆ. ಅದು ಇಚಿರಿಕಿ, ಇಲ್ಲಿನ ಅತಿ ಹೆಸರುವಾಸಿ ಚಹಾಮನೆ. ಚಹಾಮನೆ ಅಂದರೆ ಗೇಶಾಗಳು ಗಿರಾಕಿಗಳ ಮುಂದೆ ಹಾಡಿ ಕುಣಿಯುವ ಮನೆ. ಯಜಮಾನನ ಸಾವಿಗೆ ಸೇಡು ತೀರಿಸಿಕೊಂಡ 47 ಸಮುರಾಯ್‌ಗಳ ಕಥೆ ಉಂಟಲ್ಲ, ಅವರ ಮುಖಂಡ ಒಯಿಶಿ ವೈರಿಗಳ ಕಣ್ಣಿಗೆ ಮಣ್ಣೆರಚಲು ಕುಡುಕನ ಹಾಗೆ ನಟಿಸುತ್ತಾ ಕಾಲ ಕಳೆದದ್ದು ಈ ಮನೆಯಲ್ಲಿ ಅಂತ ಪ್ರತೀತಿ. ಬಾಗಿಲಿಗೆ ಗಿಡ್ಡ ಪರದೆ. ಒಳಗೆ ನಮಗೆ ಪ್ರವೇಶ ಇಲ್ಲ. ದುಡ್ಡು ಎಷ್ಟೇ ಇರಲಿ, ಹಳೇ ಗಿರಾಕಿಯೊಬ್ಬರು ಕರೆದುಕೊಂಡು ಹೋಗದೆ ಇಂಥ ಮನೆಗಳಲ್ಲಿ ಹೊಸಬರಿಗೆ ಜಾಗವಿಲ್ಲ. ಬಿಲ್ ಕೂಡ ಅಲ್ಲೇ ಕೊಡುವುದಲ್ಲ, ಆಮೇಲೆ ಮನೆಗೆ ಬರುತ್ತದಂತೆ. ಗುರುತಿಲ್ಲದವರನ್ನು ನಂಬಿ ಹಾಗೆ ಹೇಗೆ ಬಿಡುತ್ತಾರೆ? ಬಾಡಿಗೆ ವ್ಯಾಪಾರ ಮಾಡುವವಳಾಗಿ ನನಗಂತೂ ಇದು ಸರಿ ಕಂಡಿತು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಊರಿಗೆ ಬಂದಮೇಲೆ ಎಲ್ಲರೂ ಕಣ್ಣು ಮಿಟುಕಿಸಿಕೊಂಡು ಕೇಳಿದ್ದು ಇದನ್ನೇ. ಗೇಶಾ ಅಂದರೆ ಮೈ ಮಾರುವವರಲ್ಲ. ಕುಣಿತ, ಹಾಡು, ಶಮಿಸೆನ್ ವಾದ್ಯ, ಚಹಾ ಮಾಡುವ ಕ್ರಮ, ಇದೆಲ್ಲ ವರ್ಷಗಟ್ಟಲೆ ಕಲಿತು ಅದರಲ್ಲೇ ಬದುಕುವವರು. ಕ್ಯೋಟೋದಲ್ಲಿ ಅವರನ್ನು ಗೇಕೊ ಎನ್ನುತ್ತಾರೆ. ಕಲಿಯುತ್ತಿರುವ ಚಿಕ್ಕ ಹುಡುಗಿಯರು ಮಾಯ್ಕೊ. ಇಂಥ ಕೇರಿಗಳು ಆ ಊರಲ್ಲಿ ಐದುಂಟು. ಗಿಯೋನ್‌ನಲ್ಲೇ ಎರಡು, ಗಿಯೋನ್ ಕೋಬು ಮತ್ತು ಗಿಯೋನ್ ಹಿಗಾಶಿ. ಮತ್ತೆ ಪೊಂಟೊಚೊ, ಮಿಯಾಗಾವಾಚೊ, ಕಾಮಿಶಿಚಿಕೆನ್.

ಬೀದಿ ಚೆಂದವೇ, ಸುಳ್ಳು ಹೇಳಬಾರದು. ಮರದ ಹಳೇ ಮನೆಗಳು, ಮಾಳಿಗೆಗೆ ಬಿದಿರಿನ ಚಾಪೆ ಇಳಿಬಿಟ್ಟಿದ್ದಾರೆ, ಬಾಗಿಲ ಮೇಲೆ ಕಾಗದದ ಕೆಂಪು ದೀಪ. ಬೆಳಿಗ್ಗೆ ಎಂಟಕ್ಕೆ ಹೋದರೆ ಗುಡಿಸುವವರು ಬಿಟ್ಟರೆ ಯಾರೂ ಇಲ್ಲ. ನಡೆಯಲು ಅದೇ ಹೊತ್ತು. ಬೀದಿಯ ಕೊನೆಯಲ್ಲಿ ಕೆನ್ನಿನ್‌ಜಿ ಎಂಬ ಬೌದ್ಧ ಮಠ ಉಂಟು, 1202ರಲ್ಲಿ ಶುರುವಾದದ್ದು. ಚೀನಾದಿಂದ ಚಹಾ ಬೀಜ ತಂದು ಜಪಾನಿನಲ್ಲಿ ಚಹಾ ಕುಡಿಯುವುದನ್ನು ಹಬ್ಬಿಸಿದ ಐಸಾಯ್ ಸನ್ಯಾಸಿಯ ಮಠ ಅದು. ಅಷ್ಟು ದೂರ ನಡೆದವರು ಒಳಗೂ ಹೋಗಿ ಬನ್ನಿ.

ಸಂಜೆ ಅದೇ ಬೀದಿ ಜಾತ್ರೆ. ನಮ್ಮ ಎದುರೇ ಒಂದು ಓಣಿಯಿಂದ ಮಾಯ್ಕೊ ಒಬ್ಬಳು ಹೊರಗೆ ಬಂದಳು. ಹದಿನೇಳೋ ಹದಿನೆಂಟೋ ಇರಬಹುದು. ಕೆಲಸಕ್ಕೆ ಹೊರಟವಳು. ಅರೆಕ್ಷಣದಲ್ಲಿ ಇಪ್ಪತ್ತು ಮೂವತ್ತು ಜನ ಸುತ್ತುಗಟ್ಟಿದರು. ಒಬ್ಬ ಉದ್ದ ಲೆನ್ಸಿನವ ಅವಳ ಎದುರೇ ಹಿಮ್ಮುಖವಾಗಿ ನಡೆದು ಅವಳಿಗೆ ಮುಂದೆ ಹೋಗಲು ದಾರಿಯೇ ಬಿಡಲಿಲ್ಲ. ಅವಳು ತಲೆ ತಗ್ಗಿಸಿ, ಆ ಎತ್ತರದ ಮರದ ಚಪ್ಪಲಿಯಲ್ಲಿ ಓಡುವುದೊಂದು ಬಾಕಿ, ಅಷ್ಟು ಜೋರಾಗಿ ನಡೆದಳು. "ಎಂತ ಜನ ಮಾರಾಯ್ತಿ, ಬಸ್ಸಿಗೆ ಹೊರಟ ಹುಡುಗಿಯನ್ನು ಹೀಗೆ ಅಡ್ಡಗಟ್ಟಿದರೆ ನಮ್ಮಲ್ಲಿ ಪೊಲೀಸರಿಗೆ ಕೊಡುತ್ತಿದ್ದರು" ಅಂದರು ಅತ್ತಿಗೆ. ಅತ್ತಿಗೆ ಹೇಳಿದ್ದಕ್ಕಿಂತ ಹೆಚ್ಚು ನಾನು ಹೇಳಬೇಕಾಗಿಲ್ಲ.

ಇದರಿಂದ ಬೇಸತ್ತು ಕೇರಿಯವರು 2019ರಲ್ಲಿ ಖಾಸಗಿ ಓಣಿಗಳಲ್ಲಿ ಫೋಟೋ ತೆಗೆಯಬಾರದು ಅಂತ ಬೋರ್ಡು ಹಾಕಿದರು. 2024ರಲ್ಲಿ ಪ್ರವಾಸಿಗರು ಆ ಓಣಿಗಳಿಗೆ ಕಾಲಿಡುವುದೇ ಬೇಡ ಎಂದರು. ದಂಡ 10,000 ಯೆನ್. ನೂರು ಯೆನ್ನಿಗೆ ಐವತ್ತೈದು ಅರವತ್ತು ರೂಪಾಯಿ ಇಟ್ಟು ಲೆಕ್ಕ ಹಾಕಿಕೊಳ್ಳಿ. ಹನಾಮಿಕೋಜಿ ಸಾರ್ವಜನಿಕ ರಸ್ತೆ, ಅಲ್ಲಿ ನಡೆಯಲು ತಕರಾರಿಲ್ಲ. ಪಕ್ಕದ ಸಣ್ಣ ಓಣಿ ಎಷ್ಟೇ ಚೆಂದ ಕಂಡರೂ ಬೋರ್ಡು ನೋಡಿಯೇ ಹೆಜ್ಜೆ ಇಡಿ.

ಹಗಲಲ್ಲೇ, ನಗುತ್ತಾ ಪೋಸು ಕೊಡುವ ಮಾಯ್ಕೊ ಸಿಕ್ಕಿದರೆ ಅದು ಸ್ಟುಡಿಯೋದಲ್ಲಿ ವೇಷ ಹಾಕಿಸಿಕೊಂಡ ಪ್ರವಾಸಿಯೇ ಆಗಿರುವ ಸಂಭವ ಜಾಸ್ತಿ. ನಿಜವಾದವರಿಗೆ ನಿಲ್ಲಲು ಪುರುಸೊತ್ತಿಲ್ಲ.

ಈಗ ಮಿಯಾಕೋ ಓಡೋರಿ. ಗಿಯೋನ್ ಕೋಬು ಕೇರಿಯ ಗೇಕೊ, ಮಾಯ್ಕೊಗಳೆಲ್ಲ ಸೇರಿ ಏಪ್ರಿಲ್ ತಿಂಗಳಿಡೀ ನಡೆಸುವ ಕುಣಿತ. ಶುರುವಾದದ್ದು 1872ರಲ್ಲಿ. ಚಕ್ರವರ್ತಿ ಟೋಕಿಯೋಗೆ ಹೋದಮೇಲೆ ಕ್ಯೋಟೋ ಬಿಕೋ ಎನ್ನುತ್ತಿತ್ತು. ಊರಿಗೆ ಜನ ಬರಲಿ ಅಂತ ವಸ್ತುಪ್ರದರ್ಶನ ಇಟ್ಟರು. ಅದರ ಜೊತೆಗೆ ಇದು. ಅದಕ್ಕೆ ಮುಂಚೆ ಗೇಕೊಗಳು ಕುಣಿಯುತ್ತಿದ್ದದ್ದು ಚಹಾಮನೆಯ ಕೋಣೆಯಲ್ಲಿ, ಬೆರಳೆಣಿಕೆಯ ಗಿರಾಕಿಗಳಿಗೆ. ಟಿಕೆಟ್ ತೆಗೆದವರೆಲ್ಲ ನೋಡಬಹುದು ಎಂದಾದದ್ದು ಅಲ್ಲಿಂದ. ನಾಟಕಶಾಲೆಯ ಈಗಿನ ಕಟ್ಟಡ 1913ರದ್ದು. ಭೂಕಂಪಕ್ಕೆ ತಡೆಯುವ ಹಾಗೆ ರಿಪೇರಿ ಮಾಡಿಸಿ 2023ರಲ್ಲಿ ಮತ್ತೆ ತೆರೆದಿದ್ದಾರೆ. ಟಿಕೆಟ್ ಸೀಟು ನೋಡಿಕೊಂಡು ಸುಮಾರು 4,000ದಿಂದ 7,000 ಯೆನ್. ದಿನಕ್ಕೆ ಕೆಲವು ಆಟ, ಒಂದೊಂದು ಸುಮಾರು ಒಂದು ಗಂಟೆ. ರಾತ್ರಿಯಿಡೀ ಯಕ್ಷಗಾನ ಆಟ ನೋಡಿದ ನಮಗೆ ಒಂದು ಗಂಟೆ ಎಂತದ್ದು ಅಂತ ಅನ್ನಿಸಬಹುದು. ಸಾಕಾಗುತ್ತದೆ.

ಚಹಾ ಸೇರಿದ ಟಿಕೆಟನ್ನೇ ತೆಗೆದುಕೊಳ್ಳಿ. ಆಟಕ್ಕೆ ಮುಂಚೆ ಒಂದು ಹಾಲಿನಲ್ಲಿ ಕೂರಿಸುತ್ತಾರೆ. ಬೆಂಚು ಉಂಟು, ಮಂಡಿನೋವಿನವರು ಹೆದರಬೇಡಿ. ಕುರ್ಚಿ, ಮೇಜು ಹಾಕಿ ಚಹಾ ಮಾಡುವ ಈ ಕ್ರಮವೂ ಅದೇ 1872ರ ಪ್ರದರ್ಶನಕ್ಕೆ ಬರುವ ವಿದೇಶಿಯರಿಗೋಸ್ಕರ ಹುಟ್ಟಿದ್ದು. ಎದುರಿಗೆ ಗೇಕೊ ಒಬ್ಬರು ಚಹಾ ಮಾಡುತ್ತಾರೆ, ಪಕ್ಕದಲ್ಲಿ ಮಾಯ್ಕೊ ಒಬ್ಬಳು ಸಹಾಯಕ್ಕೆ. ನಮಗೆ ಹಸಿರು ಚಹಾ, ಒಂದು ಸಿಹಿ. ಸಿಹಿ ಇಟ್ಟ ತಟ್ಟೆಯನ್ನು ಮನೆಗೆ ತರಬಹುದು. ಅತ್ತಿಗೆಗೆ ಚಹಾ ಕಹಿಯಾಯಿತು, ತಟ್ಟೆ ಇಷ್ಟವಾಯಿತು. ಇಡೀ ಕಾರ್ಯಕ್ರಮ ಮಾತ್ರ ಬಹಳ ಅವಸರದ್ದು. ಕುಡಿದು ಮುಗಿಸುವಾಗಲೇ ಏಳಿ ಏಳಿ ಅನ್ನುತ್ತಾರೆ. ಅಷ್ಟು ಕೊಟ್ಟವರನ್ನು ಇನ್ನೊಂದು ಐದು ನಿಮಿಷ ಕೂರಿಸಬಹುದಿತ್ತು.

ಆದರೆ ನನಗೆ ಮುಂದಿನ ಸಾಲು ಸಿಕ್ಕಿತ್ತು. ಬೀದಿಯಲ್ಲಿ ಒಂದು ಸೆಕೆಂಡು ಕಂಡದ್ದನ್ನು ಇಲ್ಲಿ ಕಣ್ಣು ತುಂಬ ನೋಡಿದೆ. ಮಾಯ್ಕೊ ಪಕ್ಕಕ್ಕೆ ತಿರುಗಿದಾಗ ಕುತ್ತಿಗೆಯ ಹಿಂಭಾಗ ಕಂಡಿತು. ಬಿಳಿ ಬಣ್ಣ ಬೆನ್ನಿನ ಮೇಲ್ಭಾಗದ ತನಕ ಇಳಿದಿದೆ. ನಡುವೆ ಎರಡು ಮೊನೆಯ ಹಾಗೆ ಬರೀ ಚರ್ಮ ಬಿಟ್ಟಿದ್ದಾರೆ. ದೊಡ್ಡ ಸಮಾರಂಭಕ್ಕೆ ಮೂರು ಮೊನೆ. ಅಂಚು ಒಂದು ಕೂದಲೆಳೆಯಷ್ಟೂ ಕದಡಿಲ್ಲ. ಮೇಣದಂಥದ್ದನ್ನು ಮೊದಲು ಉಜ್ಜಿ, ಆಮೇಲೆ ಬಿಳಿ ಪುಡಿಯನ್ನು ನೀರಿನಲ್ಲಿ ಕಲಸಿ ಬ್ರಷ್‌ನಲ್ಲಿ ಎಳೆಯುವುದು. ನಮ್ಮ ಯಕ್ಷಗಾನದ ಹಳೇ ಬಣ್ಣದ ವೇಷದವರು ಅರದಾಳ ಎಂಬ ಹಳದಿ ಕಲ್ಲು ಅರೆದು ಬಳಿಯುತ್ತಿದ್ದ ಹಾಗೆ ಅಲ್ಲಿ ಹಿಂದೆ ಸೀಸದ ಬಿಳಿ ಬಳಿಯುತ್ತಿದ್ದರು. ಎರಡೂ ವಿಷವೇ. ಈಗಿನದ್ದರಲ್ಲಿ ಸೀಸ ಇಲ್ಲ.

ಮಾಯ್ಕೊಳ ತಲೆಗೂದಲು ಅವಳದ್ದೇ. ವಿಗ್ಗು ಗೇಕೊ ಆದಮೇಲೆ. ಅಷ್ಟು ದೊಡ್ಡ ಕಟ್ಟು ಕೆಡಬಾರದು ಅಂತ ಕುತ್ತಿಗೆಯ ಕೆಳಗೆ ಎತ್ತರದ ದಿಂಬು ಇಟ್ಟು ಮಲಗುವುದು. ತಲೆಯ ಹೂವು ತಿಂಗಳಿಗೊಂದು. ನಾವು ನೋಡಿದ್ದು ಏಪ್ರಿಲ್, ಚೆರ್ರಿ ಹೂ. ನವೆಂಬರ್ ಆದರೆ ಮೇಪಲ್ ಎಲೆ. ಕಾಲರ್ ನೋಡಿದರೂ ಗೊತ್ತಾಗುತ್ತದೆ. ಹೊಸಬಳಿಗೆ ಕೆಂಪು ಕಾಲರಿನ ಮೇಲೆ ಕಸೂತಿ. ವರ್ಷ ಹೋದಂತೆ ಬಿಳಿ ಜಾಸ್ತಿ. ಗೇಕೊ ಆಗುವ ದಿನ ಪೂರ್ತಿ ಬಿಳಿ. ಮೊದಲ ವರ್ಷದವಳು ಕೆಳತುಟಿಗೆ ಮಾತ್ರ ಬಣ್ಣ ಹಚ್ಚುತ್ತಾಳೆ.

ಮತ್ತೆ ಆ ಸೊಂಟಪಟ್ಟಿ, ಒಬಿ. ಮಾಯ್ಕೊಳದ್ದು ಐದು ಮೀಟರಿಗೂ ಜಾಸ್ತಿ ಉದ್ದ. ಹಿಂದಿನಿಂದ ಎರಡು ಪಟ್ಟಿಯಾಗಿ ಕಾಲಿನ ತನಕ ಇಳಿಯುತ್ತದೆ. ತುದಿಯಲ್ಲಿ ಅವಳು ಇರುವ ಮನೆಯ ಗುರುತು ನೇಯ್ದಿರುತ್ತದೆ. ಜರಿ ಭಾರ ಎಷ್ಟಿದೆಯೆಂದರೆ ಅವಳು ತಿರುಗಿದರೂ ಅದು ಒಂದು ಗಳಿಗೆ ತಡೆದು ತಿರುಗುತ್ತದೆ. ಇದನ್ನು ಬಿಗಿದು ಕಟ್ಟಲು ಬಲ ಬೇಕು. ಹಾಗಾಗಿ ಉಡಿಸುವವರು ಸಾಮಾನ್ಯವಾಗಿ ಗಂಡಸರು, ಅದೇ ಅವರ ಕಸುಬು. ಹೆಂಗಸರ ಕೇರಿಯಲ್ಲಿ ಒಳಕೋಣೆಗೆ ಬರಬಹುದಾದ ಗಂಡಸರು ಅಂದರೆ ಅವರೇ. ನಮ್ಮ ಯಕ್ಷಗಾನದವರು ವೇಷ ಕಟ್ಟುವ ಚೌಕಿಯಲ್ಲಿ ಗಂಡಸರ ನಡುವೆ ಸೂಜಿದಾರ ಹಿಡಿದು ಕೂರುವ ಒಬ್ಬಳೇ ಹೆಂಗಸು ನಾನು. ಆ ಉಡಿಸುವವರಲ್ಲಿ ಒಬ್ಬರನ್ನಾದರೂ ಮಾತಾಡಿಸಬೇಕು ಅಂತ ಬಹಳ ಆಸೆ ಇತ್ತು. ಆಗಲಿಲ್ಲ.

ಆಟ ಶುರುವಾಗುವುದು ಒಂದು ಕೂಗಿನಿಂದ. ಒಳಗಿನಿಂದ "ಮಿಯಾಕೋ ಓಡೋರಿ ವಾ" ಅಂತ ಒಬ್ಬರು ಎಳೆಯುತ್ತಾರೆ. "ಯೋಯ್ ಯಾಸಾ" ಅಂತ ಉಳಿದವರೆಲ್ಲ ಒಟ್ಟಿಗೆ. ಅಷ್ಟರಲ್ಲಿ ಎರಡೂ ಬದಿಯ ದಾರಿಯಿಂದ, ಪ್ರೇಕ್ಷಕರ ಪಕ್ಕದಲ್ಲೇ, ನೀಲಿ ಕಿಮೋನೋದ ಹುಡುಗಿಯರ ಸಾಲು ಬರುತ್ತದೆ. ಮೈ ಜುಮ್ಮೆಂದಿತು. ಶಮಿಸೆನ್‌ನವರು ಒಂದು ಬದಿಗೆ, ಚೆಂಡೆ ಕೊಳಲಿನವರು ಇನ್ನೊಂದು ಬದಿಗೆ, ಅವರೂ ಗೇಕೊಗಳೇ. ಇಡೀ ರಂಗದಲ್ಲಿ ಗಂಡಸು ಇಲ್ಲ. ವಸಂತದಿಂದ ಶುರುವಾಗಿ ಬೇಸಿಗೆ, ಎಲೆ ಉದುರುವ ಕಾಲ, ಹಿಮ, ಕೊನೆಗೆ ಮತ್ತೆ ಚೆರ್ರಿ. ನಡುವೆ ಒಮ್ಮೆಯೂ ಪರದೆ ಬೀಳುವುದಿಲ್ಲ. ನಮ್ಮ ಕಣ್ಣೆದುರೇ ಹಿಮ ಸರಿದು ಹೂವಾಗುತ್ತದೆ.

ಕುಣಿತ ಎಲ್ಲರಿಗೂ ಹಿಡಿಸದಿರಬಹುದು. ಗಿಯೋನ್ ಕೋಬುವಿನವರು ಕಲಿಯುವುದು ಇನೋವೆ ಶಾಲೆಯ ಕುಣಿತ ಮಾತ್ರ. ಸೊಂಟ ತಗ್ಗಿಸಿ, ನಿಧಾನ, ಮುಖದಲ್ಲಿ ಭಾವ ತೋರಿಸುವುದಿಲ್ಲ. ಭರತನಾಟ್ಯದ ಅಭಿನಯ ಹುಡುಕಿದರೆ ಸಿಗುವುದಿಲ್ಲ. ಅಳಿಯ ಅರ್ಧ ಗಂಟೆಯಲ್ಲಿ ತೂಕಡಿಸಿದ. "ಅತ್ತೆ, ಎಲ್ಲ ಒಂದೇ ತರ ಅಲ್ವಾ?" ಅಂದ. ಕೈಯ ಬೀಸಣಿಗೆ ನೋಡು, ತೋಳಿನ ಅಂಚು ನೋಡು ಅಂದೆ. ಮೂವತ್ತು ಜನರ ತೋಳು ಒಂದೇ ಗೆರೆಯಲ್ಲಿ ಏಳುತ್ತದೆ. ಕಲೋತ್ಸವದಲ್ಲಿ ಹತ್ತು ಮಕ್ಕಳ ಒಪ್ಪನವನ್ನು ಒಂದು ಗೆರೆಯಲ್ಲಿ ನಿಲ್ಲಿಸಲು ಟೀಚರುಗಳು ಪಡುವ ಪಾಡು ನೋಡಿದವಳಿಗೆ ಅದರ ಬೆಲೆ ಗೊತ್ತು.

ಏಪ್ರಿಲ್‌ನಲ್ಲಿ ಹೋಗಲಾಗದಿದ್ದರೆ ಮೇ ತಿಂಗಳಲ್ಲಿ ಪೊಂಟೊಚೊದವರ ಕಾಮೊಗಾವಾ ಓಡೋರಿ, ನವೆಂಬರ್‌ನಲ್ಲಿ ಗಿಯೋನ್ ಹಿಗಾಶಿಯ ಗಿಯೋನ್ ಓಡೋರಿ ಉಂಟು. ಬೇರೆ ತಿಂಗಳಾದರೆ ಹನಾಮಿಕೋಜಿಯಲ್ಲೇ ಗಿಯೋನ್ ಕಾರ್ನರ್ ಎಂಬ ಜಾಗ. ಮಾಯ್ಕೊ ಕುಣಿತ, ಬೊಂಬೆಯಾಟ, ಕೊಟೊ ವಾದ್ಯ, ಹೂ ಜೋಡಣೆ, ಎಲ್ಲ ಸ್ವಲ್ಪ ಸ್ವಲ್ಪ. ಪ್ರವಾಸಿಗರಿಗೆಂದೇ ಮಾಡಿದ್ದು. ಏನೂ ಇಲ್ಲದಕ್ಕಿಂತ ಪರವಾಗಿಲ್ಲ.

ಕಿಮೋನೋ ಬಾಡಿಗೆಯ ಬಗ್ಗೆ ಹೇಳದೆ ಬಿಟ್ಟರೆ ನನ್ನ ಕಸುಬಿಗೆ ಅವಮಾನ. ಯಸಾಕಾ ಗುಡಿಯ ಸುತ್ತ ಹೆಜ್ಜೆಗೊಂದು ಅಂಗಡಿ. ನಾವು ಹೋದ ಅಂಗಡಿಯ ಹೆಸರು ಬೇಡ. ಬೋರ್ಡಿನಲ್ಲಿ 3,500 ಯೆನ್. ಒಳಗೆ ಹೋದಮೇಲೆ ಜಡೆಗೆ ಬೇರೆ, ಒಳ್ಳೆ ಒಬಿಗೆ ಬೇರೆ, ಸಂಜೆ ತಡವಾದರೆ ಬೇರೆ. ಬಟ್ಟೆ ಪಾಲಿಯೆಸ್ಟರ್. ಅದಕ್ಕೆ ನನ್ನ ತಕರಾರಿಲ್ಲ, ನಾನೂ ಅದನ್ನೇ ಕೊಡುವುದು. ಆದರೆ ಮಗಳಿಗೆ ಕೊಟ್ಟ ಒಳಕಾಲರಿನಲ್ಲಿ ಯಾರದ್ದೋ ಫೌಂಡೇಶನ್ ಕಲೆ ಹಾಗೇ ಇತ್ತು. ನಮ್ಮಲ್ಲಿ ಹೀಗೆ ಕೊಟ್ಟರೆ ಮಕ್ಕಳ ಅಮ್ಮಂದಿರು ಮುಖಕ್ಕೆ ಎಸೆಯುತ್ತಾರೆ. ತೋರಿಸಿದೆ, ಬದಲಿಸಿ ಕೊಟ್ಟರು, ಕ್ಷಮೆಯೂ ಕೇಳಿದರು. ಉಡಿಸಿದ ಹೆಂಗಸಿನ ಕೈ ಮಾತ್ರ ಮೆಚ್ಚಬೇಕು. ಹತ್ತು ನಿಮಿಷ, ಒಂದೇ ಒಂದು ಪಿನ್ ಇಲ್ಲ, ಬರೀ ಲಾಡಿ. ಎಡಭಾಗ ಮೇಲೆ ಬರಬೇಕು. ಬಲಭಾಗ ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ಕ್ರಮ. ಫೋಟೋ ಹಾಕುವ ಮುಂಚೆ ಇದೊಂದು ನೋಡಿಕೊಳ್ಳಿ.

ಊಟದ ವಿಷಯ ಚುಟುಕಾಗಿ. ನಾವಿಬ್ಬರೂ ಮೀನು, ಮೊಟ್ಟೆ ಮುಟ್ಟುವವರಲ್ಲ. ಅಲ್ಲಿ ಸಾರಿನ ನೀರೇ ಮೀನಿನದ್ದು. ತರಕಾರಿ ಉಡೋನ್, ಅಂದರೆ ದಪ್ಪ ಶಾವಿಗೆ, ಅಂತ ಬರೆದಿದ್ದರೂ ಕೇಳಿಯೇ ತಿನ್ನಬೇಕು. ಯತ್ಸುಹಾಶಿ ಅಂತ ಅಕ್ಕಿಹಿಟ್ಟಿನ ಸಿಹಿ ಉಂಟು, ದಾಲ್ಚೀನಿ ಪರಿಮಳ, ಒಳಗೆ ಕೆಂಪು ಅವರೆಯಂಥ ಕಾಳಿನ ಹೂರಣ. ಅದು, ಮಗಳ ಮನೆಯಿಂದ ಕಟ್ಟಿಕೊಂಡ ಅವಲಕ್ಕಿ. ಅಷ್ಟೇ ನಮ್ಮ ಊಟ.

ಗಿಯೋನ್‌ನಲ್ಲಿ ಸಿಗದೆ ಹೋದ ಒಂದು ಸಂಗತಿ ಕನಜಾವಾ ಎಂಬ ಇನ್ನೊಂದು ಊರಲ್ಲಿ ಸಿಕ್ಕಿತು, ಚಹಾಮನೆಯ ಒಳಭಾಗ. ಒಸಾಕಾದಿಂದ ಥಂಡರ್‌ಬರ್ಡ್ ರೈಲಿನಲ್ಲಿ ತ್ಸುರುಗಾ, ಅಲ್ಲಿ ಇಳಿದು ಬುಲೆಟ್ ರೈಲು ಶಿಂಕಾನ್‌ಸೆನ್. 2024ರ ಮಾರ್ಚಿನಿಂದ ಹೀಗೆ ಬದಲಿಸಬೇಕು. ಕನಜಾವಾ ಸ್ಟೇಷನ್ನಿನಿಂದ ಬಸ್ಸಿನಲ್ಲಿ ಹತ್ತು ನಿಮಿಷ, ಹಾಶಿಬಾ-ಚೊ ಸ್ಟಾಪ್. ಹಿಗಾಶಿ ಚಾಯಾ ಎಂಬ ಈ ಕೇರಿಯನ್ನು 1820ರಲ್ಲಿ ಅಲ್ಲಿನ ಆಳುವವರೇ ಜಾಗ ಗುರುತಿಸಿ ಕಟ್ಟಿಸಿದ್ದು. ಬಾಗಿಲಿಗೆಲ್ಲ ಸಣ್ಣ ಸಣ್ಣ ಮರದ ಪಟ್ಟಿಗಳ ಜಾಲರಿ. ಒಳಗಿನವರಿಗೆ ಹೊರಗೆ ಕಾಣುತ್ತದೆ, ಹೊರಗಿನವರಿಗೆ ಒಳಗೆ ಕಾಣುವುದಿಲ್ಲ.

ಅಲ್ಲಿ ಶಿಮಾ ಎಂಬ ಮನೆ ಉಂಟು, 1820ರದ್ದೇ. ಈಗ ಮ್ಯೂಸಿಯಂ. ಪ್ರವೇಶ 500 ಯೆನ್. ಚಪ್ಪಲಿ ಕಳಚಿ ಒಳಗೆ ಹೋಗಬೇಕು. ಮಾಳಿಗೆಯಲ್ಲಿ ಗಿರಾಕಿಗಳು ಕೂರುವ ಕೋಣೆ, ಅದಕ್ಕೆ ಸೇರಿದಂತೆ ಕುಣಿಯುವ ಪುಟ್ಟ ಕೋಣೆ. ನಡುವೆ ಜಾರುವ ಬಾಗಿಲು. ಗೋಡೆ ಕಡುಗೆಂಪು. ಹಾಸಿಗೆ ಮಡಚಿಡುವ ಕಪಾಟು ಒಂದೂ ಇಲ್ಲ. ಇಲ್ಲಿ ಮಲಗುವವರಿಲ್ಲ, ಹಾಡು ಕುಣಿತ ನೋಡಿ ಎದ್ದುಹೋಗುವವರು ಮಾತ್ರ. ಊರಲ್ಲಿ ಕಣ್ಣು ಮಿಟುಕಿಸಿದವರಿಗೆಲ್ಲ ಈ ಕಪಾಟಿಲ್ಲದ ಗೋಡೆಯ ಫೋಟೋ ತೋರಿಸುತ್ತಿದ್ದೇನೆ.

ಕೆಳಗೆ ಅಡುಗೆಕೋಣೆ, ಬಾವಿ, ಕಲ್ಲಿನ ನೆಲಮಾಳಿಗೆ. ಒಂದು ಗಾಜಿನ ಪೆಟ್ಟಿಗೆಯಲ್ಲಿ ಗೇಶಾಗಳ ಬಾಚಣಿಗೆ, ತಲೆಗೆ ಸಿಕ್ಕಿಸುವ ಕಡ್ಡಿಗಳು. ಅತ್ತಿಗೆ ಬಾವಿ ಹತ್ತಿರ, ನಾನು ಬಾಚಣಿಗೆ ಹತ್ತಿರ, ಇಬ್ಬರನ್ನೂ ಎಬ್ಬಿಸಲು ಮಗಳಿಗೆ ಸಾಕೋಸಾಕು.

ಹೊರಗೆ ಬಂದರೆ ಎಲ್ಲಿ ನೋಡಿದರೂ ಚಿನ್ನದ ರೇಕು. ಜಪಾನಿನ ಚಿನ್ನದ ರೇಕು ಹೆಚ್ಚುಕಡಿಮೆ ಎಲ್ಲವೂ ಆಗುವುದು ಈ ಊರಲ್ಲೇ. ಐಸ್‌ಕ್ರೀಮಿನ ಮೇಲೆ ಇಡೀ ಹಾಳೆ ಅಂಟಿಸಿ ಕೊಡುತ್ತಾರೆ. ರುಚಿ ಏನೂ ಇಲ್ಲ, ತುಟಿಗೆ ಅಂಟುತ್ತದೆ, ಬೆಲೆ ಮಾತ್ರ ಚಿನ್ನದ್ದು. ಒಂದನ್ನೇ ಕೊಂಡು ನಾಲ್ಕು ಜನ ತಿಂದೆವು. ನೀವೂ ಒಂದೇ ಕೊಳ್ಳಿ.